ಬಳ್ಳಾರಿ ರಸ್ತೆಯೂ ಹುಲಿಯ ವಂಶವೂ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಹೆಬ್ಬಾಳದ ಕೆರೆಯನ್ನು ಬಳಸಿ ಯಲಹಂಕದ ಕಡೆಗೆ ಹೊರಡುವ ದಾರಿಯನ್ನು ಜನರು ಈಗಲೂ ಬಳ್ಳಾರಿ ರಸ್ತೆಯೆಂದೇ ಕರೆಯುವರು. ಸರ್ಕಾರದ ದಫ್ತರದಲ್ಲಿ ಅದಕ್ಕೆ 44ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರು. ಹಿಂದೆ ಅದು 7ನೆಯದಾಗಿದ್ದಿತು. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಈ ಹೆದ್ದಾರಿ ಬಳ್ಳಾರಿಯ ಮುಖವನ್ನು ನೋಡುವುದಿಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ದಾಟಿ, ಅನಂತಪುರ ಕರ್ನೂಲುಗಳ ಮೇಲೆ ಹೈದರಾಬಾದನ್ನು ಸೇರಿ, ಅಲ್ಲಿಂದ ನಾಗಪುರಕ್ಕೂ ಅದರಾಚೆಗೆ ಶ್ರೀನಗರದವರೆಗೂ ಚಾಚಿಕೊಂಡಿರುವುದು. ಬೆಳಗಿನ ಹೊತ್ತು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳ ನಡುವೆ ಸಿಕ್ಕಿಕೊಂಡು ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಕುಳಿತವನಿಗೆ, ಹುಲಿಗೆ ಇದರಷ್ಟು ದೂರವಾದ ಸ್ಥಳ ಭೂಲೋಕದಲ್ಲಿ ಇನ್ನೊಂದಿಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಹೆಚ್ಚೆಂದರೆ, ಇದೇ ದಾರಿಯ ಮೇಲಿರುವ ದೇವನಹಳ್ಳಿಯಲ್ಲಿ ಹುಟ್ಟಿ, ಸಿಂಹಾಸನಕ್ಕೂ ಸಿಪಾಯಿಗಳ ಅಂಗಿಗೂ ಹುಲಿಯ ಪಟ್ಟೆಯನ್ನೇ ಲಾಂಛನವಾಗಿ ಮಾಡಿಕೊಂಡ ಟೀಪೂ ಸುಲ್ತಾನನ ನೆನಪು ಬಂದೀತು.

ಆದರೆ ಅಲ್ಲಿಂದ ಕೆಲವೇ ಮೈಲಿ ಮುಂದೆ, ರಸ್ತೆಯ ಎಡಗಡೆಗೆ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಹೆಬ್ಬಾಗಿಲಿದೆ. 1899ರಲ್ಲಿ ಮೈಸೂರಿನ ರಾಜಮಾತೆ ವಾಣೀವಿಲಾಸ ಸನ್ನಿಧಾನದವರು ವ್ಯವಸಾಯದ ಪ್ರಯೋಗಕ್ಕಾಗಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೊಟ್ಟರಷ್ಟೆ. ಆ ಬೀಜವೇ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಅದರ ಈ ವಿಶಾಲವಾದ ಆವರಣದೊಳಗೆ, ರಾಗಿಯ ಹೊಲಗಳಿಗೂ ಹಲಸಿನ ಮರಗಳಿಗೂ ನೆರೆಯಾಗಿ, ಒಬೈದ್ ಸಿದ್ದೀಕಿಯವರು ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಎನ್.ಸಿ.ಬಿ.ಎಸ್. ಎಂಬ ಅಕ್ಷರಗಳಿಂದ ಅದು ಪ್ರಸಿದ್ಧವಾಗಿರುವುದು. ಭರತಖಂಡದ ನಾನಾ ಅರಣ್ಯಗಳಿಂದ ಆ ಕಟ್ಟಡಕ್ಕೆ ಸಣ್ಣ ಸಣ್ಣ ಕುಪ್ಪಿಗಳು ಬರುತ್ತವೆ. ಕುಪ್ಪಿಯೊಳಗಿರುವ ಪದಾರ್ಥವನ್ನು ಸಭ್ಯವಾಗಿ ಹೇಳುವ ಬಗೆ ಯಾವುದೂ ಇಲ್ಲ. ಅದು ಹುಲಿಯ ಮಲ.

ಇದನ್ನು ಓದಿ ಮೂಗು ಮುಚ್ಚಿಕೊಳ್ಳುವವರು ಸ್ವಲ್ಪ ಸೈರಿಸಬೇಕು. ಹುಲಿಯು ದರ್ಶನ ಕೊಡುವುದು ವಿರಳ. ಹಿಡಿದು ರಕ್ತ ತೆಗೆಯುವುದು ಅದಕ್ಕೂ ಅಪಾಯ, ಮನುಷ್ಯನಿಗೂ ಅಪಾಯ. ಆದರೆ ಅದು ನಡೆಯುವ ಕಾಡುದಾರಿಗಳಲ್ಲಿ ಮಲವನ್ನು ಬಿಟ್ಟೇ ಹೋಗುತ್ತದೆ. ಕರುಳಿನ ಒಳಪದರದಿಂದ ಕಳಚಿದ ಜೀವಕಣಗಳು ಅದರ ಮೇಲ್ಭಾಗಕ್ಕೆ ಅಂಟಿರುತ್ತವೆ. ಆ ಕಣಗಳಲ್ಲಿ ಆ ಹುಲಿಯ ವಂಶದ ಪೂರ್ತಿ ಬರೆಹ, ಎಂದರೆ ಡಿ.ಎನ್.ಎ. ಇರುವುದು. ಬಿಸಿಲು ಮಳೆಗಳು ಅದನ್ನು ಹರಿದು ಚೂರು ಚೂರು ಮಾಡಿರುತ್ತವೆ. ಹುಲಿಯ ಬರೆಹದೊಂದಿಗೆ ಅದು ತಿಂದ ಜಿಂಕೆಯದೂ ಅದರ ಕರುಳಿನ ಕ್ರಿಮಿಗಳದೂ ಬೆರೆತಿರುತ್ತವೆ. ಪ್ರಯೋಗಶಾಲೆಯಲ್ಲಿ ಹುಲಿಯ ಚೂರುಗಳನ್ನಷ್ಟೇ ಆರಿಸಿ, ಒಂದನ್ನು ಎರಡಾಗಿ, ಎರಡನ್ನು ನಾಲ್ಕಾಗಿ, ಹೀಗೆ ಕೋಟ್ಯಂತರವಾಗಿ ಪ್ರತಿಮಾಡಿ ಓದುವರು. ಆಗ ಈ ಹುಲಿ ಯಾವುದು, ಗಂಡೋ ಹೆಣ್ಣೋ, ಪಕ್ಕದ ಕಾಡಿನ ಹುಲಿಗೆ ಏನಾಗಬೇಕು ಎಂಬುದೆಲ್ಲ ತಿಳಿದುಬರುತ್ತದೆ. ಹಳೆಯ ಕಾಲದ ಶಾನುಭೋಗರು ಊರಿನ ಮನೆತನಗಳ ಲೆಕ್ಕ ಇಟ್ಟಿದ್ದಂತೆ, 2005ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಉಮಾ ರಾಮಕೃಷ್ಣನ್ ಅವರೂ ಅವರ ಶಿಷ್ಯರೂ ಹುಲಿಗಳ ಮನೆತನದ ಲೆಕ್ಕವನ್ನು ಬರೆಯುತ್ತಿರುವರು.

ಹುಲಿಗಳ ತಲೆ ಎಣಿಸಿದರೆ ಸಾಲದೆ, ಸಂಬಂಧವನ್ನೇಕೆ ವಿಚಾರಿಸಬೇಕು ಎಂದು ಕೇಳಬಹುದು. ತಲೆಗಳ ಲೆಕ್ಕವೇನೋ ಸಂತೋಷಕರವಾಗಿಯೇ ಇದೆ. 2006ರಲ್ಲಿ ಭಾರತದಲ್ಲಿ 1,411 ಹುಲಿಗಳೆಂದು ಅಂದಾಜು ಮಾಡಿದ್ದರು, 2022ರ ಗಣನೆಯಲ್ಲಿ ಕಡಮೆಯೆಂದರೂ 3,167 ಇದ್ದುವು, ಕರ್ನಾಟಕವೊಂದರಲ್ಲಿಯೇ 563. ಆದರೆ ಈ ಮೂರು ಸಾವಿರವೂ ಒಂದೇ ಸಂಸಾರವಲ್ಲ. ಹೊಲ, ಊರು, ರೈಲು, ಗಣಿ, ರಸ್ತೆಗಳು ಕಾಡನ್ನು ಕತ್ತರಿಸಿ ತುಂಡುಮಾಡಿರುವುದರಿಂದ, ಸಮುದ್ರದೊಳಗಣ ದ್ವೀಪಗಳಲ್ಲಿರುವಂತೆ ಇಲ್ಲಿ ಹತ್ತು, ಅಲ್ಲಿ ಇಪ್ಪತ್ತು ಹುಲಿಗಳು ತಮ್ಮತಮ್ಮಲ್ಲಿಯೇ ಬಾಳುತ್ತಿರುವುವು. ಪ್ರಾಯಕ್ಕೆ ಬಂದ ಗಂಡು ಹುಲಿಯು ತಾಯಿಯ ಸೀಮೆಯನ್ನು ಬಿಟ್ಟು ದೂರದ ಕಾಡನ್ನರಸಿ ಹೋಗುವುದು ಪ್ರಕೃತಿಯ ಕ್ರಮ. ಹೋಗಲು ದಾರಿಯಿಲ್ಲದಿದ್ದರೆ ಅಕ್ಕತಂಗಿಯರಲ್ಲಿಯೇ, ತಾಯಿಯಲ್ಲಿಯೇ ಸಂತಾನ ಪಡೆಯಬೇಕಾಗುವುದು.

ಈ ವಿಷಯದಲ್ಲಿ ಕನ್ನಡ ನಾಡಿನ ನಡವಳಿಕೆ ವಿಚಿತ್ರವಾದುದು. ಸಗೋತ್ರದಲ್ಲಿ ಹೆಣ್ಣು ತರಬಾರದೆಂದು ಹತ್ತು ತಲೆಮಾರುಗಳನ್ನು ಜಾಲಾಡಿಸುವ ಮನೆಯಲ್ಲಿಯೇ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟು ಧಾರೆಯೆರೆಯುವುದುಂಟು. ವೈದ್ಯರು ಅದನ್ನು ಬೇಡವೆನ್ನುವುದೂ ಉಂಟು. ಕಾರಣವೇನೆಂದರೆ, ಪ್ರತಿಯೊಂದು ಪ್ರಾಣಿಯೂ ತನ್ನ ವಂಶದ ಬರೆಹದ ಎರಡು ಪ್ರತಿಗಳನ್ನು, ತಾಯಿಯದೊಂದು ತಂದೆಯದೊಂದು, ಹೊತ್ತಿರುತ್ತದೆ. ಒಂದರಲ್ಲಿ ಒಂದಕ್ಷರ ತಪ್ಪಿದ್ದರೆ ಇನ್ನೊಂದು ತಿದ್ದಿಕೊಂಡು ಹೋಗುವುದು. ತಂದೆತಾಯಿಗಳಿಬ್ಬರೂ ಒಂದೇ ಮನೆಯವರಾದರೆ ಎರಡು ಪ್ರತಿಗಳಲ್ಲಿಯೂ ಅದೇ ತಪ್ಪು ಬಂದು ಸೇರಬಹುದು, ಆಗ ತಿದ್ದುವವರಾರು?

ಇದರ ಗಣಿತವೂ ನಿಷ್ಠುರವಾದುದು. ಯಾವುದೊಂದು ಹಿಂಡಿನಲ್ಲಿ ಸಂತಾನ ಬೆಳೆಸುವ ಪ್ರಾಣಿಗಳು ಹತ್ತೇ ಇದ್ದರೆ, ಆ ಹಿಂಡು ಒಂದೊಂದು ತಲೆಮಾರಿಗೂ ತನ್ನ ವೈವಿಧ್ಯದ ಇಪ್ಪತ್ತನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಬಲಿಷ್ಠವಾದ ಒಂದೇ ಗಂಡು ಹಲವು ಹೆಣ್ಣುಗಳನ್ನು ಆಳುವುದರಿಂದ, ಮೂವತ್ತು ಹುಲಿ ಕಂಡಲ್ಲಿ ಲೆಕ್ಕಕ್ಕೆ ಬರುವುವು ಹತ್ತೇ ಆಗಿರಬಹುದು. ಹುಲಿಯ ತಲೆಮಾರು ಐದಾರು ವರ್ಷ. ಹತ್ತು ತಲೆಮಾರು ಕಳೆಯಲು ಐವತ್ತು ಅರುವತ್ತು ವರ್ಷ ಸಾಕು. ಅಷ್ಟರೊಳಗೆ ನೂರಕ್ಕೆ ನಲವತ್ತು ಪಾಲು ಸೋರಿಹೋಗಿರುತ್ತದೆ. 1973ರ ಏಪ್ರಿಲ್ 1ರಂದು ಆರಂಭವಾದ ಹುಲಿ ಯೋಜನೆಗೆ ಐವತ್ತು ವರ್ಷ ತುಂಬಿಹೋಗಿರುವುದನ್ನು ನೆನೆದರೆ ಈ ಲೆಕ್ಕ ಬರಿಯ ಪುಸ್ತಕದ ಲೆಕ್ಕವಲ್ಲವೆಂದು ಮನವರಿಕೆಯಾಗುವುದು. ಆ ಯೋಜನೆಯಲ್ಲಿ ಮೊದಲು ಆರಿಸಿದ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೊಂದು, ಒಡಿಶಾದ ಸಿಮಿಲಿಪಾಲವೊಂದು, ರಾಜಸ್ಥಾನದ ರಣಥಂಬೋರವೊಂದು. ಮೂರಕ್ಕೂ ಅಂದು ಒಂದೇ ಆಶೀರ್ವಾದ ದೊರೆಯಿತು. ಆಮೇಲಿನ ಭಾಗ್ಯ ಮಾತ್ರ ಬೇರೆ ಬೇರೆಯಾಯಿತು.

ಸಿಮಿಲಿಪಾಲದ ಕಥೆಯನ್ನು ಮೊದಲು ಹೇಳಬೇಕು. ಅಲ್ಲಿಯ ಕೆಲವು ಹುಲಿಗಳು ಕಪ್ಪು. ಪೂರಾ ಕಪ್ಪಲ್ಲ, ಪಟ್ಟೆಗಳು ದಪ್ಪವಾಗಿ ಹಬ್ಬಿ ಒಂದನ್ನೊಂದು ಕೂಡಿಕೊಂಡು, ನಡುವಣ ಹೊನ್ನಿನ ಬಣ್ಣ ಎಳೆ ಎಳೆಯಾಗಿ ಮಾತ್ರ ಉಳಿದಿರುವುದು. ಬೆಂಗಳೂರಿನ ಈ ವಿದ್ವಾಂಸರು ಕಾರಣವನ್ನು ಹುಡುಕಿ 2021ರಲ್ಲಿ ಪ್ರಕಟಿಸಿದರು. ಟ್ಯಾಕ್‌ಪೆಪ್ ಎಂಬ ವಂಶವಾಹಿಯಲ್ಲಿ ಒಂದೇ ಒಂದಕ್ಷರ ಬದಲಾಗಿದೆ, ಅಷ್ಟೆ. ಸಾಕಿದ ಬೆಕ್ಕಿನ ಮೈಮೇಲೆ ಪಟ್ಟೆಯ ಬದಲು ಸುರುಳಿ ಮಚ್ಚೆಗಳನ್ನೂ, ಆಫ್ರಿಕದ ಕೆಲವು ಚೀತಾಗಳ ಬೆನ್ನ ಮೇಲೆ ದಪ್ಪ ಗೆರೆಗಳನ್ನೂ ಬರೆಯುವುದು ಇದೇ ವಂಶವಾಹಿ. ಎರಡು ಪ್ರತಿಗಳಲ್ಲಿಯೂ ಆ ತಪ್ಪು ಕೂಡಿದರೆ ಮಾತ್ರ ಹುಲಿ ಕಪ್ಪಾಗುವುದು. ಪಂಜರದಲ್ಲಿ ಬೆಳೆದ ಕೆಲವನ್ನು ಬಿಟ್ಟರೆ, ಅವರು ನೋಡಿದ ಬೇರಾವ ಕಾಡಿನ ಹುಲಿಯಲ್ಲಿಯೂ ಆ ಅಕ್ಷರ ಕಾಣಲಿಲ್ಲ. ಸಿಮಿಲಿಪಾಲದಲ್ಲಿಯಾದರೋ, 2024ರಲ್ಲಿ ಒಡಿಶಾ ಸರ್ಕಾರ ಪ್ರಕಟಿಸಿದ ಗಣನೆಯಂತೆ 27 ಹುಲಿಗಳಲ್ಲಿ 13 ಕಪ್ಪು! ದಟ್ಟಕಾಡಿನ ಮಬ್ಬಿನಲ್ಲಿ ಅಡಗಲು ಕಪ್ಪು ಬಣ್ಣ ಅನುಕೂಲವೆಂದು ಹೇಳಬಹುದಾದರೂ, ಮುಖ್ಯ ಕಾರಣ ಬೇರೆ: ಎಂದೋ ಕೆಲವೇ ಹುಲಿಗಳಿಗೆ ಇಳಿದ ವಂಶ, ಹೊರಗಿನಿಂದ ಯಾರೂ ಬಾರದೆ, ಆ ಕೆಲವರ ಗುರುತನ್ನೇ ಮತ್ತೆ ಮತ್ತೆ ಪ್ರತಿಮಾಡಿಕೊಂಡಿತು.

ಈ ಕಪ್ಪು ಹುಲಿಗಳನ್ನು ಜನರಿಗೆ ತೋರಿಸಲು ಒಂದು ವಿಹಾರವನವನ್ನೇ ಮಾಡುವುದಾಗಿ ಅಲ್ಲಿಯ ಸರ್ಕಾರ 2024ರ ಮೊದಲಲ್ಲಿ ಸಾರಿತು. ಅಪೂರ್ವವಾದ ಸೌಂದರ್ಯವೆಂಬುದು ನಿಜ. ಆದರೆ ಒಂಟಿತನದಿಂದ ಬಂದ ಗುರುತು ಮೈಮೇಲೆ ಕಾಣುವುದು ಒಂದು ಸುದೈವವೆಂದೇ ತಿಳಿಯಬೇಕು. ಹೃದಯದಲ್ಲಿಯೋ ಗರ್ಭದಲ್ಲಿಯೋ ಅಡಗಿರುವ ತಪ್ಪಿಗೆ ಟಿಕೀಟು ಕೊಂಡು ನೋಡಲು ಬರುವವರಾರು?

ಅಂಥ ಅಡಗಿದ ತಪ್ಪುಗಳ ವಿಚಾರ ರಣಥಂಬೋರದಲ್ಲಿ ನಡೆಯಿತು. ಅಲ್ಲಿಯ ಹುಲಿಗಳ ಸಂಖ್ಯೆ ಏರಿದುದನ್ನು ದೇಶವೆಲ್ಲ ಕೊಂಡಾಡಿತು. ಅವುಗಳ ಪೂರ್ತಿ ಬರೆಹವನ್ನು ದೊಡ್ಡ ಕಾಡುಗಳ ಹುಲಿಗಳದರೊಂದಿಗೆ ಹೋಲಿಸಿ ಅದೇ 2021ರಲ್ಲಿ ಹೊರಬಿದ್ದ ಇನ್ನೊಂದು ಲೇಖನದಲ್ಲಿ ಎರಡು ಮಾತುಗಳಿದ್ದುವು. ಅತಿ ಕ್ರೂರವಾದ ಕೆಲವು ದೋಷಗಳು, ತಮ್ಮನ್ನು ಹೊತ್ತ ಮರಿಗಳೊಂದಿಗೇ ನಾಶವಾಗಿ, ವಂಶದಿಂದ ತೊಳೆದುಹೋಗಿವೆಯೆಂಬುದು ಒಂದು. ಉಳಿದುಕೊಂಡ ದೋಷಗಳು ಮಾತ್ರ ಎರಡೂ ಪ್ರತಿಗಳಲ್ಲಿ ಜೊತೆಗೂಡಿ ಹೆಚ್ಚಿವೆಯೆಂಬುದು ಇನ್ನೊಂದು. ಮೊದಲನೆಯ ಮಾತನ್ನು ಹಿಡಿದು, ಪ್ರಕೃತಿಯೇ ತೊಳೆದುಕೊಳ್ಳುವುದಾದರೆ ಮನುಷ್ಯನ ಕೈಯೇಕೆ ಎನ್ನುವ ಪಕ್ಷವೂ ಪಂಡಿತರಲ್ಲಿ ಉಂಟು. ಆದರೆ ಆ ತೊಳೆಯುವಿಕೆಯ ಬೆಲೆ ಸತ್ತ ಮರಿಗಳು. ಇರುವ ಮರಿಗಳೇ ಕೆಲವಾದಾಗ ಆ ಬೆಲೆಯನ್ನು ಎಷ್ಟು ಸಲ ಕೊಡಬಹುದೆಂಬುದನ್ನು ಆ ಪಕ್ಷದವರು ಹೇಳಬೇಕಾಗಿದೆ. ನೆರೆಯ ಸರಿಸ್ಕಾದಲ್ಲಿ ಹುಲಿಗಳು ಕಳ್ಳಬೇಟೆಗೆ ಪೂರ್ತಿಯಾಗಿ ಅಳಿದುಹೋದ ಮೇಲೆ, 2008ರಲ್ಲಿ ಇದೇ ರಣಥಂಬೋರದಿಂದ ಹುಲಿಗಳನ್ನು ಹೆಲಿಕಾಪ್ಟರಿನಲ್ಲಿ ಒಯ್ದು ಬಿಟ್ಟರು. ಮೊದಲು ಹೋದುವು ಹತ್ತಿರದ ಸಂಬಂಧಿಗಳೆಂಬ ಸಂಶಯ ಆಮೇಲೆ ಎದ್ದಿತು. ಅಂದಿನ ಪರಿಸರ ಸಚಿವರು, ಇನ್ನು ಮುಂದೆ ಡಿ.ಎನ್.ಎ. ಪರೀಕ್ಷೆಯಿಲ್ಲದೆ ಯಾವ ಹುಲಿಯನ್ನೂ ಸಾಗಿಸಕೂಡದೆಂದು ಅಪ್ಪಣೆ ಮಾಡಿದರು. ಜಾತಕ ನೋಡದೆ ಮದುವೆ ಮಾಡಿದ ಮೇಲೆ ಜೋಯಿಸರನ್ನು ಕರೆದ ಹಾಗಾಯಿತು.

ಎಷ್ಟು ಹೋಯಿತೆಂದು ತಿಳಿಯಲು ಮೊದಲು ಎಷ್ಟು ಇದ್ದಿತೆಂದು ತಿಳಿಯಬೇಕಲ್ಲವೆ? ಇದಕ್ಕೆ ಸಾಕ್ಷ್ಯವನ್ನು ಒದಗಿಸಿದವರು, ವಿಧಿಯ ವಿನೋದದಿಂದ, ಹುಲಿಯನ್ನು ಕೊಂದವರೇ. ಬ್ರಿಟಿಷರ ಕಾಲದಲ್ಲಿ ಬೇಟೆಯಾಡಿ ವಿಲಾಯಿತಿಗೆ ಸಾಗಿಸಿದ ಚರ್ಮಗಳೂ ಎಲುಬುಗಳೂ ಅಲ್ಲಿಯ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿದ್ದುವು. ಅವುಗಳಿಂದ ತೆಗೆದ ಚೂರುಗಳನ್ನು ಇಂದಿನ ಹುಲಿಗಳ ಬರೆಹದೊಂದಿಗೆ ಹೋಲಿಸಿ 2013ರಲ್ಲಿ ಬೆಂಗಳೂರಿನ ತಂಡವು ವರದಿ ಮಾಡಿತು. ತಾಯಿಯಿಂದ ಮಾತ್ರ ಬರುವ ಒಂದು ಬಗೆಯ ಬರೆಹದಲ್ಲಿ ಅಂದು ಇದ್ದ ಪಾಠಾಂತರಗಳ ಬಹುಪಾಲು ಇಂದಿನ ಹುಲಿಗಳಲ್ಲಿ ದೊರೆಯಲೇ ಇಲ್ಲ. ಗೋಡೆಗೆ ತೂಗುಹಾಕಲೆಂದು ಒಯ್ದ ತೊಗಲಿನಲ್ಲಿ, ಕಾಡಿನಲ್ಲಿ ಅಳಿದುಹೋದ ವಂಶಗಳು ಉಳಿದಿರುವುವು. ಆದರೂ ಲೋಕದ ಹುಲಿಗಳಿಗೆ ಉಳಿದಿರುವ ವೈವಿಧ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದ ಹುಲಿಗಳಲ್ಲಿಯೇ ಇದೆಯೆಂದು 2009ರಲ್ಲಿಯೇ ಅವರು ತೋರಿಸಿದ್ದರು. ಮನೆತನ ಬಡವಾಗಿದೆ, ಆದರೂ ಕೇರಿಗೆಲ್ಲ ಇದೇ ದೊಡ್ಡ ಮನೆ.

ಹಾಗಾದರೆ ಉಪಾಯವೇನು? ಹೊರಗಿನ ರಕ್ತ ತರುವುದೆಂಬ ಉಪಾಯ ಆ ಆವರಣದ ರಾಗಿಯ ಹೊಲಗಳಿಗೆ ಹೊಸದಲ್ಲ. ಅದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮಂಡ್ಯದ ವಿ.ಸಿ. ಫಾರ‍್ಮಿನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರೆಂದು ಜನ ಕರೆದ ಮಹನೀಯರು ನಾಡಿನ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು, ಇಂಡಿಯ, ಆಫ್ರಿಕಗಳ ಹೆಸರು ಕೂಡಿಯೇ ಆ ಹೆಸರಾಯಿತು. ಅಮೆರಿಕದ ಫ್ಲಾರಿಡದಲ್ಲಿ ಪ್ಯಾಂಥರುಗಳು ಮೂವತ್ತಕ್ಕೂ ಕಡಮೆಯಾಗಿ, ಬಾಲ ಸೊಟ್ಟಗಾಗಿ, ಹೃದಯದಲ್ಲಿ ರಂಧ್ರ ಬಿದ್ದು, ಗಂಡುಗಳ ಬೀಜವೇ ಕೆಟ್ಟಿದ್ದಾಗ, 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು. ಕೆಲವು ವರ್ಷಗಳಲ್ಲಿ ಸಂಖ್ಯೆ ಮೂರು ಪಾಲಾಯಿತು, ದೋಷಗಳು ಇಳಿದುವು. ತಲೆಮಾರಿಗೆ ಒಬ್ಬ ಪರದೇಶಿಯಾದರೂ ಬಂದು ಸಂಸಾರ ಹೂಡಿದರೆ ವಂಶ ನಿಂತೀತೆಂಬುದು ಈ ಶಾಸ್ತ್ರದವರಲ್ಲಿ ಬಹುಕಾಲದ ಮಾತು.

ಆದರೆ ರಾಗಿಯ ತೆನೆ ಬೇಲಿ ಹಾರಿ ಓಡುವುದಿಲ್ಲ. 2024ರ ಕೊನೆಯಲ್ಲಿ ಸಿಮಿಲಿಪಾಲದ ವಂಶಕ್ಕೆ ಹೊಸ ರಕ್ತ ಸೇರಿಸಲೆಂದು ಮಹಾರಾಷ್ಟ್ರದ ತಾಡೋಬಾ ಅರಣ್ಯದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ತಂದರು. ಜೀನತ್ತಿಗೆ ಮೂರು ವರ್ಷದ ಪ್ರಾಯ. ಕೊರಳಿಗೆ ಸುಳಿವು ಕೊಡುವ ಪಟ್ಟಿ ಕಟ್ಟಿ ಕಾಡಿಗೆ ಬಿಟ್ಟ ಕೆಲವು ದಿನಗಳಲ್ಲಿಯೇ, ಡಿಸೆಂಬರಿನಲ್ಲಿ, ಅದು ಸಿಮಿಲಿಪಾಲವನ್ನು ತೊರೆದು ನಡೆಯಿತು. ಝಾರ್ಖಂಡಕ್ಕೆ ಹೋಯಿತು, ಅಲ್ಲಿಂದ ಪಶ್ಚಿಮ ಬಂಗಾಳದ ಝಾರಗ್ರಾಮ, ಪುರುಲಿಯಾ, ಬಾಂಕುಡಾ ಜಿಲ್ಲೆಗಳಿಗೆ. ಸುಮಾರು ಮೂರು ವಾರಗಳ ಕಾಲ ಮೂರು ರಾಜ್ಯಗಳ ಅರಣ್ಯಾಧಿಕಾರಿಗಳು ಬೋನು, ಬಲೆ, ಎರೆಗಳನ್ನು ಹೊತ್ತು ಅದರ ಹಿಂದೆ ತಿರುಗಿದರು. ಹಳ್ಳಿಯವರು ರಾತ್ರಿ ಬಾಗಿಲು ಹಾಕಿಕೊಂಡು ಕುಳಿತರು. ಡಿಸೆಂಬರ್ 29ರಂದು ಬಾಂಕುಡಾದಲ್ಲಿ ಮತ್ತಿನ ಮದ್ದು ಹೊಡೆದು ಹಿಡಿದು, ಕಲ್ಕತ್ತೆಗೆ ಒಯ್ದು ಉಪಚರಿಸಿ, ಮತ್ತೆ ಸಿಮಿಲಿಪಾಲಕ್ಕೆ ತಂದರು. ಅದು ಏನನ್ನು ಹುಡುಕಿ ಹೊರಟಿತೆಂಬುದನ್ನು ಕೊರಳ ಪಟ್ಟಿ ಹೇಳಲಾರದು. ತವರನ್ನು ಬಿಟ್ಟು ಬಂದ ಹೊಸ ಸೊಸೆಯ ಮನಸ್ಸನ್ನು ಬಲ್ಲ ಕನ್ನಡದ ಹೆಣ್ಣುಮಕ್ಕಳಿಗೆ ಪ್ರಾಯಶಃ ಪಂಡಿತರಿಗಿಂತ ಹೆಚ್ಚಾಗಿ ತಿಳಿದೀತು.

ಭಯಪಟ್ಟ ಹಳ್ಳಿಯವರನ್ನು ನಗಬಾರದು. ಅದೇ ಒಡಿಶಾದ ಸಾತ್ಕೋಸಿಯಾಕ್ಕೆ 2018ರಲ್ಲಿ ಮಧ್ಯಪ್ರದೇಶದಿಂದ ಮಹಾವೀರ, ಸುಂದರಿ ಎಂಬ ಜೋಡಿಯನ್ನು ತಂದಿದ್ದರು. ಸುಂದರಿಯ ಮೇಲೆ ಇಬ್ಬರನ್ನು ಕೊಂದ ಆರೋಪ ಬಂದಿತು. ಹಳ್ಳಿಗಳು ಸಿಟ್ಟಿಗೆದ್ದುವು. ಮಹಾವೀರ ಆ ವರ್ಷದ ನವೆಂಬರಿನಲ್ಲಿಯೇ ಸತ್ತು ಬಿದ್ದಿತ್ತು; ಸುಂದರಿ ಬೋನು ಸೇರಿ, 2021ರಲ್ಲಿ ಬಂದ ದಾರಿಗೆ ಸುಂಕವಿಲ್ಲದೆ ಮಧ್ಯಪ್ರದೇಶಕ್ಕೆ ಹಿಂದಿರುಗಿತು. ಪುಸ್ತಕದ ಮೇಲೆ ಎರಡು ವಂಶಗಳನ್ನು ಕೂಡಿಸುವುದು ಸುಲಭ. ನಡುವೆ ಮೇಕೆ ಮೇಯಿಸುವವನೊಬ್ಬನಿರುತ್ತಾನೆ, ಅವನ ಒಪ್ಪಿಗೆಯನ್ನು ಯಾವ ಪ್ರಯೋಗಶಾಲೆಯೂ ಕುಪ್ಪಿಯಲ್ಲಿ ತುಂಬಿ ತರಲಾರದು.

ಲಾರಿಯಲ್ಲಿ ತಂದ ಹುಲಿಗಿಂತ ತಾನಾಗಿ ನಡೆದು ಬಂದ ಹುಲಿಯೇ ಮೇಲು ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ದೃಷ್ಟಾಂತವಿದೆ. ಬಂಡೀಪುರದಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಕ್ಕೆ ಸಿಕ್ಕಿದ್ದ ಒಂದು ಗಂಡು ಹುಲಿ 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಬಳಿ ಕಾಣಿಸಿಕೊಂಡಿತು. ಹುಲಿಯ ಪಟ್ಟೆಗಳು ಮನುಷ್ಯನ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ. ಚಿತ್ರಗಳನ್ನು ತಾಳೆ ನೋಡಿ ಅದೇ ಹುಲಿಯೆಂದು ನಿರ್ಧರಿಸಿದರು. ಸುಮಾರು 280 ಕಿಲೋಮೀಟರು! ಕೊಡಗು, ಹಾಸನ, ಮಲೆನಾಡಿನ ಕಾಫಿ ತೋಟಗಳು, ಹೊಳೆಗಳು, ಊರುಗಳು ಇವೆಲ್ಲದರ ಮಗ್ಗುಲಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಸಾಗಿದ್ದಿರಬೇಕು; ಕೊನೆಗೆ ಸಿಕ್ಕಿಬಿದ್ದುದು ಶಿಕಾರಿಯ ಹೆಸರು ಹೊತ್ತ ಊರಿನಲ್ಲಿ. ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೆ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದಲೇ ಅಲ್ಲಿಯ ಹುಲಿಗೆ ಸಿಮಿಲಿಪಾಲದ ಗತಿ ಬಂದಿಲ್ಲ. ಬಂಡೀಪುರದ ಮೇಲೆ ಹಾದುಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ ವಾಹನಗಳನ್ನು ತಡೆದಿರುವುದನ್ನು, ಒಂಬತ್ತು ಗಂಟೆಯೊಳಗೆ ಗುಂಡ್ಲುಪೇಟೆಯನ್ನು ದಾಟಬೇಕೆಂದು ಧಾವಿಸುವ ವರ್ತಕರು ಶಪಿಸುವುದುಂಟು. ಆ ಒಂಬತ್ತು ತಾಸುಗಳು ಯಾರ ಪ್ರಯಾಣಕ್ಕೆ ಮೀಸಲೆಂಬುದು ಅವರಿಗೆ ಕಾಣುವಂತಿಲ್ಲ.

ಮತ್ತೆ ಬಳ್ಳಾರಿ ರಸ್ತೆಗೆ ಬರಬೇಕು. ಹೆಬ್ಬಾಳದಿಂದ ಹೊರಟ ಇದೇ ಹೆದ್ದಾರಿ ನಾಗಪುರವನ್ನು ದಾಟಿ ಸಿವನಿಯ ಕಡೆಗೆ ಹೋಗುವಾಗ ಪೆಂಚ್ ಅರಣ್ಯವನ್ನು ಸೀಳುತ್ತದೆ. ಪೆಂಚಿನ ಹುಲಿಯು ಕಾನ್ಹಾದ ಹುಲಿಯೊಡನೆ ಸಂಬಂಧ ಬೆಳೆಸಬೇಕಾದರೆ ಈ ರಸ್ತೆಯನ್ನು ದಾಟಲೇಬೇಕು. ವಾಹನಗಳ ದಟ್ಟಣೆಯೂ ಜನವಸತಿಯೂ ಮಧ್ಯಭಾರತದ ಹುಲಿಗಳ ಸಂಬಂಧವನ್ನು ಕಡಿಯುತ್ತಿರುವುವೆಂದು ಮಲದ ಬರೆಹ ಓದಿ ತಿಳಿಸಿದುದು ಇದೇ ರಸ್ತೆಯ ಮಗ್ಗುಲಿನ, ಇದೇ ಬೆಂಗಳೂರಿನ ಪ್ರಯೋಗಶಾಲೆ. ಹೆದ್ದಾರಿಯನ್ನು ನಾಲ್ಕು ಸಾಲಿಗೆ ಅಗಲಿಸುವ ವಿಚಾರ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಬೆಳೆದು, ಕೊನೆಗೆ ಮಹಾರಾಷ್ಟ್ರದ ಭಾಗದಲ್ಲಿ ಒಂಬತ್ತು ಕಡೆ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ, ಕೆಳಗೆ ಕಾಡಿಗೆ ದಾರಿ ಬಿಟ್ಟರು. ಅವುಗಳಲ್ಲಿ ಅತಿ ಉದ್ದವಾದುದು 750 ಮೀಟರು. 2019ರಲ್ಲಿ ಅಲ್ಲಿ ಕ್ಯಾಮರಾಗಳನ್ನು ಕಟ್ಟಿ ನೋಡಿದರು. ಜಿಂಕೆ, ಹಂದಿ, ಸೀಳುನಾಯಿ ಮೊದಲಾಗಿ 18 ಜಾತಿಯ ಮೃಗಗಳು ಸೇತುವೆಯ ಕೆಳಗೆ ಹಾದುಹೋದುವು. ಅವುಗಳಲ್ಲಿ 11 ಬೇರೆ ಬೇರೆ ಹುಲಿಗಳಿದ್ದುವು. ಹೆಬ್ಬಾಳದ ಮೇಲ್ಸೇತುವೆಗೆ ತಗಲಿದ ಸಿಮೆಂಟು ಕಬ್ಬಿಣಗಳೇ ಅಲ್ಲಿಯೂ ತಗಲಿದುದು.

ಯಲಹಂಕದ ಬಳಿ ಸಂಜೆ ಚಹಾ ಕುಡಿದು ಉತ್ತರಕ್ಕೆ ಹೊರಟ ಲಾರಿಯ ಚಾಲಕನು ಎರಡು ಮೂರು ರಾತ್ರಿ ಕಳೆದ ಮೇಲೆ ಆ ಕಂಬಗಳ ಮೇಲೆ ಸಾಗುತ್ತಿರುವನು. ಎರಡು ಪಕ್ಕದಲ್ಲಿಯೂ ದೀಪದ ಬೆಳಕು ಕಾಡಿಗೆ ಬೀಳದಂತೆ ಎತ್ತರದ ತಡಿಕೆ. ಅವನಿಗೆ ಕಾಣುವುದು ಮುಂದಿನ ಲಾರಿಯ ಕೆಂಪು ದೀಪ ಮಾತ್ರ. ಅದೇ ಹೊತ್ತಿಗೆ ಕೆಳಗೆ, ಪೆಂಚಿನ ಕಡೆಯಿಂದ ಬಂದ ಯಾವುದೊಂದೋ ಎಳೆಯ ಹುಲಿ ಕಂಬದ ನೆರಳಿನಲ್ಲಿ ಒಂದು ಕ್ಷಣ ನಿಂತು, ತಲೆಯ ಮೇಲಣ ಗುಡುಗು ದಾಟಿಹೋಗುವವರೆಗೆ ಕಾದು, ಆಚೆಯ ಕಾಡಿಗೆ ನಡೆದಿರಬಹುದು.